ಒಂದು ಸಲವೂ ಕೂರಲಿಲ್ಲ

ಭತ್ತದ ಅಡಿಯಿಂದ ಸುಣ್ಣದ ಗೆರೆ ಇಣುಕುತ್ತಿದೆ, ಯಾರೂ ಅಳಿಸಿಲ್ಲ, ಹೆಂಗಸರು ಕಾಲೆಳೆಯುತ್ತ ಭತ್ತ ತಿರುವಿಕೊಂಡು ಹೋದ ಹಾಗೆ ಒಂದು ಸಾಲು ಹೊಂಬಣ್ಣ, ಒಂದು ಸಾಲು ಬಿಳಿ, ಮತ್ತೆ ಹೊಂಬಣ್ಣ — ಅದು ಅಂಗಳದ ನಡುಮಧ್ಯದ ವೃತ್ತ, ಕರಿಯಪ್ಪ ನಿಂತು ಎಗರುತ್ತಿದ್ದ ಜಾಗ, ಅಂದುಕೊಂಡು ಸಿದ್ದಮಲ್ಲಪ್ಪ ಕಿಟಕಿಯಿಂದ ಮುಖ ತಿರುಗಿಸಿದ, ತಿರುಗಿಸಿದರೆ ಎದುರಿಗೆ ಕಾಗದ, ಕಾಗದದ ಮೇಲೆ ಎಂಟು ಹೆಸರು, ಏಳಕ್ಕೆ ಬರೆದಾಗಿದೆ, ಎಂಟನೆಯದಕ್ಕೆ ಲೇಖನಿ ಅದ್ದಿದ್ದು ಮೂರು ಸಲ, ಒಣಗಿದ್ದು ಮೂರು ಸಲ. ಊಟದ ಹೊತ್ತಿಗೆ ಕೊಟ್ಬಿಡಯ್ಯಾ, ಅಂದಿದ್ದಾರೆ ಗಿರಣಿಯ ಸಾಹುಕಾರರು ಚಿಕ್ಕಬಸಪ್ಪನವರು, ಯಾರು ಹೆಂಗಾಡಿದ, ಯಾರ್ನ ಆಟಕ್ಕೆ ಇಟ್ಕೊಳ್ಳೋಣ, ಯಾರ್ನ ತಿರುಗಿ ಮೂಟೆ ಹೊರೋಕೆ ಹಾಕೋಣ, ಯಾವ ಹೊತ್ತಲ್ಲಿ ಯಾರ್ನ ಯಾಕೆ ಕೂರಿಸ್ದೆ, ಎಲ್ಲ ಬರಿ, ನೀನು ಬಿ.ಎ. ಓದಿದೋನು, ನಂಗೆ ಬಾಯಿಮಾತು ಬೇಡ. ಬರೆದ. ಮಹದೇವ: ಕಾಲು ಚುರುಕು, ಎಡಗೈ ಇಲ್ಲವೇ ಇಲ್ಲ ಅನ್ನುವ ಹಾಗೆ ಆಡುತ್ತಾನೆ, ಇಟ್ಟುಕೊಳ್ಳಬಹುದು. ಹುಚ್ಚಯ್ಯ: ಚೆಂಡು ಕೈಗೆ ಬಂದರೆ ಬಿಡುವುದಿಲ್ಲ, ಬಿಡಬೇಕಾದಾಗಲೂ ಬಿಡುವುದಿಲ್ಲ. ಬಿಳಿಗೆರೆಯ ಅಣ್ಣತಮ್ಮಂದಿರು: ಒಬ್ಬನಿಗೊಬ್ಬ ಬಿಟ್ಟು ಬೇರೆಯವರಿಗೆ ಚೆಂಡು ಕೊಡುವುದಿಲ್ಲ, ಇಬ್ಬರನ್ನೂ ಒಟ್ಟಿಗೆ ಇಳಿಸಬಾರದು. ಬರೆಯುವಾಗ ನಗು ಕೂಡ ಬಂತು, ಹದಿಮೂರು ದಿನದಲ್ಲಿ ಮೊದಲನೆಯ ನಗು, ಬಂದದ್ದಕ್ಕೆ ನಾಚಿಕೆಯೂ ಬಂತು. ಆಮೇಲೆ ಎಂಟನೆಯ ಹೆಸರು. ಕರಿಯಪ್ಪ. ಅದರ ಮುಂದೆ ಎರಡು ಚುಕ್ಕೆ. ಚುಕ್ಕೆಯ ಮುಂದೆ ಏನು.

ನಂಜನಗೂಡಿನಲ್ಲಿ ಈ ಬ್ಯಾಸ್ಕೆಟ್‌ಬಾಲ್ ಆಟ ಯಾರಿಗೆ ಬೇಕಿತ್ತು, ಮೈಸೂರಿನ ಕಾಲೇಜು ಮೈದಾನದಲ್ಲಿ ಒಂದು ಸಂಜೆ ನೋಡಿಕೊಂಡು ಬಂದ ಸಾಹುಕಾರರಿಗೆ ಬೇಕಿತ್ತು, ಭತ್ತ ಒಣಗಿಸುವ ಗಾರೆ ಅಂಗಳಕ್ಕಿಂತ ನುಣುಪಾದ ನೆಲ ಎಲ್ಲಿದೆ ಹೇಳಯ್ಯಾ, ಅಂದು ಎರಡು ಕಂಬ ನೆಡಿಸಿದರು, ಮೇದರಿಂದ ತಳವಿಲ್ಲದ ಎರಡು ಮಂಕರಿ ಹೆಣೆಸಿ ಕಟ್ಟಿಸಿದರು, ಮೂಟೆ ಹೊರುವವರಲ್ಲಿ ಎತ್ತರದ ಎಂಟು ಜನರನ್ನು ಆರಿಸಿ, ಇನ್ನು ಮೇಲೆ ನಿಮ್ಮ ಕೂಲಿ ಆಟಕ್ಕೆ, ಮೂಟೆಗಲ್ಲ, ಅಂದರು. ಕಲಿಸುವುದಕ್ಕೆ ಸಿದ್ದಮಲ್ಲಪ್ಪ — ಕಾಲೇಜಿನಲ್ಲಿ ಮೂರು ವರ್ಷ ಅದೇ ಮೈದಾನದ ಬೇವಿನ ಮರದ ಕೆಳಗೆ ಕೂತು ಆಡುವವರನ್ನು ನೋಡಿದ್ದವನು, ಒಂದು ದಿನವೂ ಇಳಿದು ಆಡದವನು, ತಿರುಮಕೂಡಲಿನ ಮನೆಗೆ ಪಾಸಾದ ಕಾಗದ ಹೋಗಿ ಎರಡು ವರ್ಷವಾದರೂ ಸರ್ಕಾರದ ಕೆಲಸ ಸಿಗದೆ ಈ ಗಿರಣಿಯಲ್ಲಿ ಗುಮಾಸ್ತನಾದವನು. ಊರ ಬಾಯಲ್ಲಿ ಅದು ಮಂಕರಿ ಚೆಂಡು. ತಳ ಇಲ್ದ ಮಂಕ್ರೀಗೆ ಎಸ್ಟಾಕುದ್ರೂ ತುಂಬಾಕಿಲ್ಲ ಕಣ್ ಸಾ, ನಮ್ ಸಾವ್ಕಾರ್ರ ಒಟ್ಟೆ ಇದ್ದಂಗೆ, ಅನ್ನುತ್ತಿದ್ದ ಹುಚ್ಚಯ್ಯ, ಭತ್ತ ತಿರುವುವ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು, ಅವರೊಳಗೆ ಜವರಮ್ಮನೂ, ಕರಿಯಪ್ಪನ ಹೆಂಡತಿ, ಅವಳು ಮಾತ್ರ ಸೆರಗು ಅಡ್ಡ ಹಿಡಿಯದೆ ಬಾಯ್ತುಂಬ ನಗುತ್ತಿದ್ದಳು, ನೋಡ್ರವ್ವಾ ಈ ಗಂಡಸ್ರ, ಮೂಟೆ ಒತ್ತೂ ಒತ್ತೂ ನೆಲ ನೋಡ್ಕಂಡಿದ್ದೋರು ಈಗ ಆಕಾಸ ನೋಡ್ಕಂಡು ಎಗರ್ತಾವ್ರೆ, ಮೇಷ್ಟ್ರೇ, ಎಗರ್ಸಿ, ಚೆಂದಾಗಿ ಎಗರ್ಸಿ, ಸಂದೇಗೆ ಮುದ್ದೆ ಜಾಸ್ತಿ ಕೇಳಿದ್ರೆ ನಿಮ್ಮನೇಗ್ ಕಳುಸ್ತೀನಿ. ಬಸುರಿಯಾಗಿ ಏಳನೆಯ ತಿಂಗಳವರೆಗೂ ಈ ಅಂಗಳದಲ್ಲಿ ಕಾಲೆಳೆದಳು, ಅಗಲ ಪಾದ, ಅವಳು ಹೋದ ಸಾಲು ಉಳಿದವರ ಸಾಲಿಗಿಂತ ಅಗಲ, ಕಿಟಕಿಯಿಂದ ನೋಡಿದರೇ ಗೊತ್ತಾಗುತ್ತಿತ್ತು, ಈಗ ಎಲ್ಲ ಸಾಲೂ ಒಂದೇ ಸಮ.

ಕಲಿಸಿದೆನೇ ನಾನು, ಅಂದುಕೊಳ್ಳುತ್ತಾನೆ ಸಿದ್ದಮಲ್ಲಪ್ಪ, ಇವರಿಗೆ ಗೊತ್ತಿದ್ದದ್ದನ್ನೇ ಇವರಿಗೆ ಕಲಿಸಿದೆ, ಅದೇ ತಪ್ಪಾಯಿತು. ಮೂಟೆ ಹೊರುವವರದು ಸರದಿ — ಹತ್ತು ಮೂಟೆ ಹೊತ್ತವನು ಗೋಡೆಗೆ ಒರಗಿ ಕೂರಬೇಕು, ಕೂತವನು ಏಳಬೇಕು, ಯಾರೂ ಎದೆ ಒಡೆದುಕೊಳ್ಳಬಾರದು, ಯಾರೂ ಸೋಮಾರಿಯಾಗಬಾರದು, ಅಪ್ಪ ತಾತಂದಿರ ಕಾಲದಿಂದ ಹಾಗೇ, ಎಷ್ಟು ಚೆಂದದ ಏರ್ಪಾಡು ಅನ್ನಿಸಿತ್ತು, ಅದನ್ನೇ ಆಟಕ್ಕೂ ಇಳಿಸಿದ: ಒಳಗೆ ಐವರು, ಹೊರಗೆ ಮೂವರು, ಐದು ನಿಮಿಷಕ್ಕೊಮ್ಮೆ ಮೂವರು ಎದ್ದು ಬಂದು ಮೂವರು ಒಳಗೆ. ಮಹದೇವನಿಗೂ ಕರಿಯಪ್ಪನಿಗೂ ಮಾತ್ರ ಅರ್ಧ ಆಟ ಮುಗಿಯುವವರೆಗೆ ಸರದಿ ಇಲ್ಲ, ಪ್ರತಿ ಸಲ ಚೆಂಡು ಬಿದ್ದ ಮೇಲೂ ನಡುವೃತ್ತದಲ್ಲಿ ಮತ್ತೆ ಎಗರಬೇಕು, ಕರಿಯಪ್ಪನಷ್ಟು ಯಾರೂ ಎಗರುವುದಿಲ್ಲ. ನಿನ್ನ ಸರದಿ ಆಮೇಲೆ, ಅಂದಿದ್ದ. ಆಗ್ಲಿ ಬುಡಿ ಸಾ, ಅಂದಿದ್ದ ಕರಿಯಪ್ಪ. ಹೆಚ್ಚು ಮಾತಿನವನಲ್ಲ, ಸಂಜೆ ಹೊಳೆಯ ಮೆಟ್ಟಿಲ ಮೇಲೆ ಇಬ್ಬರೂ ಕೂತರೆ ಕಪಿಲೆಯಲ್ಲಿ ಎಮ್ಮೆಗಳು ಇಳಿದು, ಎದ್ದು, ಮನೆಗೆ ಹೋದರೂ ಇವರಲ್ಲಿ ಒಂದು ಮಾತು ಹುಟ್ಟುತ್ತಿರಲಿಲ್ಲ, ಜಗತ್ತಿನಲ್ಲಿ ಸಿದ್ದಮಲ್ಲಪ್ಪನ ಜೊತೆ ಸುಮ್ಮನೆ ಕೂರಬಲ್ಲ ಮನುಷ್ಯ ಅವನೊಬ್ಬನೇ, ಉಳಿದವರೆಲ್ಲ ಏನಾದರೂ ಕೇಳುತ್ತಾರೆ. ನಿಯಮದ ಪುಸ್ತಕದಲ್ಲಿ ಇತ್ತು, ಹದಿನೇಳನೆಯ ಪುಟದಲ್ಲಿ, ಓದಿದ್ದ ಕೂಡ: ಹೊರಗೆ ಹೋದವನು ಒಂದೇ ಸಲ ತಿರುಗಿ ಬರಬಹುದು. ಓದಿದ್ದ, ಆದರೆ ಊರಿನ ಆಟಗಳಲ್ಲಿ ಯಾರು ಎಣಿಸುತ್ತಿದ್ದರು, ಮೂಟೆ ಹೊರುವಲ್ಲಿ ಯಾರು ಎಣಿಸುತ್ತಾರೆ, ಎದ್ದವನು ಕೂರುತ್ತಾನೆ ಕೂತವನು ಏಳುತ್ತಾನೆ. ಆ ಭಾನುವಾರ ಎಣಿಸುವವನು ಬಂದ, ಮೈಸೂರಿನ ತಂಡದ ಜೊತೆಗೇ ಬಂದ, ಬಿಳಿ ಷರಾಯಿಯ ರೆಫರಿ, ಅರ್ಧ ಆಟ ಮುಗಿದಾಗ ಹತ್ತಿರ ಬಂದು ಬಹಳ ಮರ್ಯಾದೆಯಿಂದ ಹೇಳಿದ, ಮಿಸ್ಟರ್, ಈ ಮೂವರು ಎರಡು ಸಲ ಹೊರಗೆ ಬಂದಾಯಿತು, ಇನ್ನು ಅವರು ಇಳಿಯುವ ಹಾಗಿಲ್ಲ, ಒಳಗಿರುವ ಐವರೇ ಕೊನೆಯವರೆಗೆ. ಐವರಲ್ಲಿ ಒಬ್ಬರು ಹೊರಗೆ ಬಂದುಬಿಟ್ಟರೆ, ಅಂದ ಸಿದ್ದಮಲ್ಲಪ್ಪ. ನಾಲ್ವರು ಆಡಿ, ಅಡ್ಡಿಯಿಲ್ಲ. ಅಡ್ಡಿಯಿಲ್ಲ ಅಂದಿದ್ದ, ಸ್ಪಷ್ಟವಾಗಿ ಅಂದಿದ್ದ, ಎರಡನೆಯ ಸಲ ಕೇಳಿಸಿಕೊಳ್ಳಬೇಕಾಗಿರಲಿಲ್ಲ.

ಆಗಲೇ ಬಂದದ್ದು ಚಿಕ್ಕಸ್ವಾಮಿ, ಜವರಮ್ಮನ ತಮ್ಮ, ಸುತ್ತೂರಿನಾಚೆಯ ತವರಿನಿಂದ ಓಡಿ, ನಡೆದು, ಓಡಿ ಬಂದವನು, ಮೊಣಕಾಲವರೆಗೂ ಧೂಳು, ಹಮಾಲಿಗಳೆಲ್ಲ ಹಿಂದುಗಡೆ ಬಾವಿಯ ಹತ್ತಿರ ನೀರು ಕುಡಿಯಲು ಹೋಗಿದ್ದರು, ಕರಿಯಪ್ಪನೂ, ಅಂಗಳದ ಈ ಬದಿಯಲ್ಲಿ ಸಿದ್ದಮಲ್ಲಪ್ಪ ಒಬ್ಬನೇ. ಸಾ, ನಮ್ಮಕ್ಕುನ್ಗೆ ಎಣ್ ಮಗ ಆಯ್ತು, ಮೊನ್ನೆ, ಮಗ ಚೆಂದಾಗದೆ, ಅಕ್ಕುನ್ಗೆ ರಕ್ತ ನಿಲ್ತಾನೇ ಇಲ್ಲ ಸಾ, ಬಾವುನ್ನ ಕರ್ಕಂಡ್ ಬಾ ಕರ್ಕಂಡ್ ಬಾ ಅಂತಾಳೆ, ನಮ್ಮವ್ವ ಏಳ್ತು, ಈಗ್ಲೇ ಕರ್ಕಂಡ್ ಬಾ ಅಂತ. ಈಗ್ಲೇ. ಆ ಹೊತ್ತಿಗೆ ಹನ್ನೊಂದಕ್ಕೆ ಎಂಟು, ಮೈಸೂರಿನವರು ಮೂರು ಮುಂದೆ, ಚಾವಡಿಯಲ್ಲಿ ಸಾಹುಕಾರರ ಪಕ್ಕ ಅಮಲ್ದಾರರು ಕೂತಿದ್ದಾರೆ, ಅಮಲ್ದಾರರ ಕಚೇರಿಯಲ್ಲಿ ಒಂದು ಜಾಗ ಖಾಲಿ ಇದೆ, ಗೆದ್ದರೆ ನಿನ್ನ ಮಾತು ಎತ್ತುತ್ತೀನಿ ಅಂದಿದ್ದಾರೆ ಸಾಹುಕಾರರು — ಅದನ್ನು ಆಗ ನೆನೆದೆನೇ, ನೆನೆಯಲಿಲ್ಲ, ಸುಳ್ಳು, ನೆನೆದೆ, ಅದನ್ನೇ ಮೊದಲು ನೆನೆದೆ. ಕೂತ್ಕೊಳಪ್ಪ, ಒಂದು ಗಳಿಗೆ ಕೂತ್ಕೊ, ಆಟ ಮುಗೀಲಿ, ನಾನೇ ಹೇಳ್ತೀನಿ ಅವನಿಗೆ, ಸಾಹುಕಾರರ ಕುದುರೆಗಾಡಿ ಕೇಳಿ ಕೊಡಿಸ್ತೀನಿ, ನಡೆದು ಹೋಗೋದಕ್ಕಿಂತ ಬೇಗ ಹೋಗಬಹುದು. ಎಷ್ಟು ಸಲೀಸಾಗಿ ಬಂತು ಮಾತು, ಮಾತೇ ಬಾರದವನ ಬಾಯಿಗೆ. ಗಾಡಿ ಆಗಲೇ ಕೇಳಬಹುದಿತ್ತು, ಗೇಟಿನಲ್ಲೇ ನಿಂತಿತ್ತು, ಕುದುರೆ ಹುಲ್ಲು ಮೇಯುತ್ತಿತ್ತು. ಚಿಕ್ಕಸ್ವಾಮಿ ಕೂತ. ಓದಿದವರು ಹೇಳಿದ ಮೇಲೆ ಕೂತ. ಕರಿಯಪ್ಪ ಮುಖ ಒರೆಸಿಕೊಂಡು ಬಾವಿ ಕಡೆಯಿಂದ ನೇರ ಅಂಗಳಕ್ಕೆ ಇಳಿದ, ಈ ಕಡೆ ಜನರ ಸಾಲಿನಲ್ಲಿ ಬಾಮೈದ ಇದ್ದಾನೆಂದು ನೋಡಲಿಲ್ಲ, ಆಟದಲ್ಲಿ ಅವನು ಯಾರನ್ನೂ ನೋಡುವುದಿಲ್ಲ. ಎಂಥ ಆಟ ಆಡಿದ. ಎಗರಿದ, ಹಿಡಿದ, ಎಸೆದ, ಮಹದೇವನಿಗೆ ಉಸಿರು ಕಟ್ಟಿದಾಗ ಅವನ ಓಟವನ್ನೂ ಓಡಿದ, ಹನ್ನೆರಡು ನಿಮಿಷವಾದ ಮೇಲೆ ಒಮ್ಮೆ ಇವನ ಕಡೆ ತಿರುಗಿ ಭುಜ ಮುಟ್ಟಿಕೊಂಡ, ಮೂಟೆ ಹೊರುವವರು ಸರದಿ ಕೇಳುವ ಸನ್ನೆ ಅದು, ಸಾಕಾಯ್ತು, ಕೂರ್ಲಾ, ಅಂತ. ಸಿದ್ದಮಲ್ಲಪ್ಪ ತಲೆ ಅಲ್ಲಾಡಿಸಿದ. ಕರಿಯಪ್ಪ ತಿರುಗಿ ಓಡಿದ, ಒಂದಿಷ್ಟೂ ಬೇಸರವಿಲ್ಲದೆ. ಹದಿನೈದು, ಹದಿನಾರು, ಎರಡೂ ಕಡೆ ಹದಿನಾರು, ಊರೆಲ್ಲ ಗೋಡೆ ಮೇಲೆ, ಮೇಷ್ಟ್ರೇ ಬುಡ್‌ಬ್ಯಾಡಿ, ಲೇ ಕರಿಯಾ ಎಗುರ್ಲಾ, ಮತ್ತೆ ಆ ಕೊನೆಯ ಎಗರು, ಚೆಂಡು ಮಂಕರಿಯ ಅಂಚಿನ ಮೇಲೆ ಕೂತು ಯೋಚನೆ ಮಾಡಿ ಒಳಗೆ ಬಿತ್ತು, ಎಲ್ಲರೂ ಎದ್ದರು, ಸಿದ್ದಮಲ್ಲಪ್ಪನೂ ಎದ್ದ, ಪಕ್ಕದಲ್ಲಿ ಚಿಕ್ಕಸ್ವಾಮಿಯೂ ಎದ್ದ, ಅವನೂ ಕೂಗುತ್ತಿದ್ದ, ಎಷ್ಟು ಹೊತ್ತಿನಿಂದ ಕೂಗುತ್ತಿದ್ದನೋ, ಬಾವಾ ಬಾವಾ ಅಂತ, ಚಪ್ಪಾಳೆಗೆ ಎರಡೂ ಕೈ ಎತ್ತಿದ್ದ, ಆಗ ಇಬ್ಬರ ಕಣ್ಣೂ ಕೂಡಿತು. ಕೈಗಳು ಅಲ್ಲೇ ನಿಂತವು. ಒಂದು ಗೇಣು ಅಂತರ ಇಟ್ಟು, ಎದೆಯ ಮುಂದೆ, ಬಡಿಯದೆ.

ಆಮೇಲೆ ಹಾರ, ಅಮಲ್ದಾರರ ನಾಲ್ಕು ಮಾತು. ಯಾವಾಗ್ ಬಂದ್ಯೋ, ಅಂತ ಕರಿಯಪ್ಪ ಬಾಮೈದನನ್ನು ಕೇಳಿದ, ಕೊರಳಲ್ಲಿ ಸೇವಂತಿಗೆ, ಮುಖದಲ್ಲಿ ಮಗುವಿನ ಸುದ್ದಿಗೆ ಸಿದ್ಧವಾದ ನಗು. ಚಿಕ್ಕಸ್ವಾಮಿ ಸಿದ್ದಮಲ್ಲಪ್ಪನ ಮುಖ ನೋಡಿದ. ಈಗ್ತಾನೆ ಬಾವ, ಅಂದ, ಎಣ್ ಮಗ, ಅಕ್ಕುನ್ಗೆ ರಕ್ತ ನಿಲ್ತಾ ಇಲ್ಲ, ಬಾ. ಕುದುರೆಗಾಡಿಯಲ್ಲಿ ಮೂವರು, ಸುತ್ತೂರು ದಾಟುವವರೆಗೆ, ದಾಟಿದ ಮೇಲೂ, ಒಂದು ಮಾತಿಲ್ಲ, ಮೌನ ಅಂದರೆ ಇವನಿಗೆ ನೆರಳಿನಂಥ ವಸ್ತು ಆಗಿತ್ತು ಇಷ್ಟು ದಿನ, ಅದರೊಳಗೆ ಹೋಗಿ ಕೂರಬಹುದಿತ್ತು, ಆ ದಿನ ಗೊತ್ತಾಯಿತು ಇನ್ನೊಂದು ಬಗೆಯದೂ ಇದೆ ಅಂತ, ಇಬ್ಬರು ಮೂರನೆಯವನ ಸುತ್ತ ಕಟ್ಟುವಂಥದ್ದು. ಮನೆ ಮುಂದೆ ಹೆಂಗಸರು ನಿಂತಿದ್ದ ರೀತಿಯಲ್ಲೇ ತಿಳಿಯಿತು. ಜವರಮ್ಮನ ತಾಯಿ ಮಂಚಮ್ಮ ಅಳಿಯನ ಕೈ ಹಿಡಿದುಕೊಂಡು, ಒಂದ್ ಗಳ್ಗೆ ಆಯ್ತು ಕಣಪ್ಪ, ಬಾಯ್ಗೆ ನೀರು ಬುಟ್ಟು ಒಂದ್ ಗಳ್ಗೆ, ಮೈ ಇನ್ನೂ ಬೆಚ್ಗದೆ ಬಾ ಮುಟ್ಟು, ಕೊನೇಗಂಟ ಬಾಗ್ಲು ನೋಡ್ತಾನೇ ಇದ್ಲು, ಎಜ್ಜೆ ಸಪ್ಳ ಆದ್ರೆ ಬಂದ್ರಾ ಅನ್ನೋಳು. ಗಳಿಗೆ ಅಂದರೆ ಇಪ್ಪತ್ತನಾಲ್ಕು ನಿಮಿಷ. ಆಟದ ಎರಡನೆಯ ಅರ್ಧ ಇಪ್ಪತ್ತು. ಹಾರಕ್ಕೆ, ಮಾತಿಗೆ ಹತ್ತು. ತಡೆದದ್ದು ಒಟ್ಟು ಮೂವತ್ತು. ಎಷ್ಟು ಸಲ ಲೆಕ್ಕ ಹಾಕಿದರೂ ಕೈಯಲ್ಲಿ ಆರು ನಿಮಿಷ ಉಳಿಯುತ್ತದೆ. ಆರು ನಿಮಿಷ, ಅವಳ ಮುಖ ನೋಡುವುದಕ್ಕೆ ಸಾಕು, ಮಗುವಿಗೆ ಏನು ಹೆಸರಿಡಲಿ ಅಂತ ಕೇಳುವುದಕ್ಕೆ ಸಾಕು.

ಬರೆದುಬಿಟ್ಟ. ಯಾವಾಗ ಬರೆದನೋ, ಲೇಖನಿ ಒಣಗಿರಲಿಲ್ಲ. ಕರಿಯಪ್ಪ: ನಲವತ್ತು ನಿಮಿಷವೂ ಆಡಿದ, ಒಂದು ಸಲವೂ ಕೂರಲಿಲ್ಲ, ಕೂರಿಸದೆ ಇದ್ದವನು ಕಲಿಸಿದವನು, ಅರ್ಧ ಆಟದಲ್ಲಿ ಚಿಕ್ಕಸ್ವಾಮಿ ಸುದ್ದಿ ತಂದಿದ್ದ, ಸುದ್ದಿಯನ್ನು ಕಲಿಸಿದವನು ತಡೆದ, ನಾಲ್ವರು ಆಡಬಹುದಿತ್ತು. ಬರೆದು ಮಡಿಸುವಷ್ಟರಲ್ಲಿ ಬಾಗಿಲಲ್ಲಿ ನೆರಳು. ಕರಿಯಪ್ಪ, ತಿಥಿ ಮುಗಿಸಿ ಬಂದಿದ್ದಾನೆ, ಮೀಸೆ ಬೋಳಿಸಿದ್ದಾನೆ, ಮೇಲ್ದುಟಿಯ ಮೇಲೆ ಬಿಸಿಲು ಕಾಣದ ಬಿಳಿಚು, ಅಲ್ಲೇ ಹೊಸ್ತಿಲ ಪಕ್ಕ ಕುಕ್ಕರುಗಾಲಲ್ಲಿ ಕೂತ. ಹೊರಗೆ ಹೆಂಗಸರ ಕಾಲ ಕೆಳಗೆ ಭತ್ತ ಸರಸರ ಅನ್ನುತ್ತಿತ್ತು. ಮಗ ನಮ್ಮತ್ತೆ ತಾವೇ ಅದೆ ಸಾ, ಆಲ್ ಕುಡೀತದೆ, ಅಂದ ಕೊನೆಗೆ. ಆಮೇಲೆ, ನನ್ ವಿಸ್ಯ ಬರೀತಾವ್ರೆ ಅಂದ್ರು ಸಾವ್ಕಾರ್ರು, ಪದಕ ಕೊಡ್ತಾರಂತೆ, ಮುಂದಾಳು ಮಾಡ್ತಾರಂತೆ, ಏನ್ ಬರ್ದಿದ್ದೀರಿ ಸಾ, ಓದಿ, ಇನ್ನೇನೂ ಬ್ಯಾಡ, ಅದ ಕೇಳ್ಬೇಕು ಅನ್ನುಸ್ತು, ಅವ್ಳ ಜೀವ ಓಗೋವಾಗ ನಾನೇನು ಸುಮ್ಕೆ ಕುಂತಿರ್ನಿಲ್ವಲ್ಲ. ಬೇರೆ ಏನಾದರೂ ಓದು, ಅಂದುಕೊಂಡ ಸಿದ್ದಮಲ್ಲಪ್ಪ, ಇವನಿಗೆ ಅಕ್ಷರ ಬರುವುದಿಲ್ಲ, ಚೆಂದದ್ದು ನಾಲ್ಕು ಮಾತು ಓದು, ಎದ್ದು ಹೋಗುತ್ತಾನೆ, ಸಂಜೆ ಹೊಳೆಯ ಮೆಟ್ಟಿಲಿಗೆ ಬರುತ್ತಾನೆ, ಪಕ್ಕದಲ್ಲಿ ಕೂರುತ್ತಾನೆ, ಎಮ್ಮೆಗಳು ಇಳಿಯುತ್ತವೆ, ಏಳುತ್ತವೆ — ಕಾಗದ ಬಿಚ್ಚಿದ, ಕರಿಯಪ್ಪ, ಅಂತ ಓದಿದ, ನಲವತ್ತು ನಿಮಿಷವೂ ಆಡಿದ, ಒಂದು ಸಲವೂ ಕೂರಲಿಲ್ಲ, ಕರಿಯಪ್ಪ ತಲೆದೂಗಿದ, ಕೂರಿಸದೆ ಇದ್ದವನು ಕಲಿಸಿದವನು, ದನಿ ತನ್ನದಲ್ಲ, ಬೇರೆ ಯಾರೋ ಓದುತ್ತಿದ್ದಾರೆ, ಅರ್ಧ ಆಟದಲ್ಲಿ ಚಿಕ್ಕಸ್ವಾಮಿ ಸುದ್ದಿ ತಂದಿದ್ದ.

ಅರ್ಧುಕ್ಕಾ, ಅಂದ ಕರಿಯಪ್ಪ.

ಮುಂದಿನ ಸಾಲು ಕಾಗದದ ಮೇಲೆ ಇದೆ, ಓದಬೇಕು, ಅಕ್ಷರ ಇವೆ, ಅಕ್ಷರದ ಜಾಗದಲ್ಲಿ ಎರಡು ಕೈ, ಧೂಳು ಹಿಡಿದ ಕೈ, ಬೆರಳು ಅಗಲಿಸಿ ಎದೆಯ ಮುಂದೆ ಎತ್ತಿದ್ದು, ಒಂದು ಗೇಣು ಅಂತರ, ಬಡಿಯುವುದಿಲ್ಲ, ಇಳಿಯುವುದಿಲ್ಲ, ಎರಡು ಕೈ, ಒಂದು ಗೇಣು —