ಅರ್ಥಿಂಗ್ ಗುಂಡಿಗೆ ಒಂದು ಕೊಡ ನೀರು

ಕೊಟ್ಟೂರಿನ ಜಂಬಣ್ಣ ವೈರಿಂಗ್ ಕೆಲಸ ಹಿಡಿದು ನಲವತ್ತು ವರ್ಷ. ಮಾತು ಅದಕ್ಕೂ ಮೊದಲಿನದು. ಎಲೆಕ್ಟ್ರಿಕಲ್ ಗುತ್ತಿಗೆದಾರರ ಸಂಘದವರು ಹೊಸಬರಿಗೆ ನಾಲ್ಕು ಮಾತು ಹೇಳಿಕೊಡಿ ಎಂದು ಕರೆದದ್ದೇ ತಡ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಮೈಕ್ ಹಿಡಿದ. ಎದುರಿಗೆ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಯಿಂದ ಬಂದ ಇಪ್ಪತ್ತು ಮಂದಿ.

"ಶಾಕ್ ಹೊಡದಾಗ ಜೀವ ಉಳಿಸೋದು ಅರ್ಥಿಂಗ್. ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿದ್ರ ಮುಗೀಲಿಲ್ಲ. ಬ್ಯಾಸಗ್ಯಾಗ ದಿನಾ ಒಂದು ಕೊಡ ನೀರು ಹಾಕಬೇಕು. ಮಣ್ಣು ಒಣಗಿತು ಅಂದ್ರ ಅದು ಇದ್ದೂ ಇಲ್ದಂಗ. ನಮ್ಮ ಮನೀದು ನೋಡ್ರಿ, ಇಪ್ಪತ್ತೆರಡು ವರ್ಷದ್ದು. ಇವತ್ತಿಗೂ ಮೀಟರ್ ಎರಡು ಓಮ್ ದಾಟಂಗಿಲ್ಲ!"

ಆ ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಎರಡು ಅಂದರೆ ಹೊಸ ಗುಂಡಿಗೂ ಕಷ್ಟ. ಹರಪನಹಳ್ಳಿಯ ದುರುಗೇಶ್ ಮೀಟರಿನ ಪೆಟ್ಟಿಗೆ ಎತ್ತಿಕೊಂಡು ಎದ್ದೇಬಿಟ್ಟ. "ನಿಮ್ಮ ಮನಿ ಇಲ್ಲೇ ಹಿಂದಿನ ಓಣ್ಯಾಗ ಐತಲ್ರಿ ಗುರುಗಳೇ? ನಡೀರಿ, ಅಳೆದು ತೋರಿಸ್ರಿ."

ಜಂಬಣ್ಣ ಗತ್ತಿನಿಂದಲೇ ಹೊರಟ, ಹಿಂದೆ ಇಪ್ಪತ್ತೂ ಮಂದಿ. ಓಣಿ ತಿರುಗುವಷ್ಟರಲ್ಲಿ ನೆನಪಾಯಿತು. ಊರೆಲ್ಲ ನೀರು ಹಾಕಿರಿ ಎಂದು ಸಾರಿದವನು ತನ್ನ ಗುಂಡಿಗೆ ಇಪ್ಪತ್ತೆರಡು ವರ್ಷದಲ್ಲಿ ಒಂದು ತಂಬಿಗೆ ನೀರು ಹಾಕಿರಲಿಲ್ಲ! ಅದರ ಮುಚ್ಚಳ ಯಾವ ಬಣ್ಣ ಎಂಬುದೂ ನೆನಪಿರಲಿಲ್ಲ. ಏಪ್ರಿಲ್ ಬಿಸಿಲು ನೆತ್ತಿ ಸುಡುತ್ತಿತ್ತು. ನಲವತ್ತು ವರ್ಷದ ಹೆಸರು ಇನ್ನು ಐದು ನಿಮಿಷದಲ್ಲಿ ಮಣ್ಣುಪಾಲು.

ದುರುಗೇಶ್ ಹಿತ್ತಲಿನಲ್ಲಿ ಎರಡು ಗೂಟ ಬಡಿದು, ವೈರ್ ಸಿಕ್ಕಿಸಿ, ಮೀಟರಿನ ಬಟನ್ ಒತ್ತಿದ. ಜಂಬಣ್ಣ ಬೇಕೆಂದೇ ಪಪ್ಪಾಯಿ ಗಿಡ ನೋಡುತ್ತ ನಿಂತ.

"ಒಂದೂವರಿ! ಗುರುಗಳೇ, ಒಂದೂವರಿ ಐತಿ!"

ಎಲ್ಲರೂ ಚಪ್ಪಾಳೆ ಹೊಡೆದರು. ಸುಮ್ಮನೆ ಕೈ ಮುಗಿದಿದ್ದರೆ ಮುಗಿಯುತ್ತಿತ್ತು. ಆದರೆ ಜಂಬಣ್ಣ ಬಾಯಿಬಡುಕನಾದರೂ ತನ್ನದಲ್ಲದ ಚಪ್ಪಾಳೆ ಇಟ್ಟುಕೊಳ್ಳುವವನಲ್ಲ. ಬಗ್ಗಿ ಮುಚ್ಚಳ ತೆಗೆದ. ಮಣ್ಣು ತಣ್ಣಗಿತ್ತು, ಅಂಚಿನಲ್ಲಿ ಹಸಿರು ಪಾಚಿ.

ಅಷ್ಟರಲ್ಲಿ ಹೆಂಡತಿ ಅನ್ನದಾನಮ್ಮ ನೀರು ತುಂಬಿದ ಕೊಡ ಹೊತ್ತು ಬಂದವಳು, ಹಿತ್ತಲು ತುಂಬ ಜನ ಕಂಡು ಅಲ್ಲೇ ನಿಂತಳು.

"ಇದಕ್ಕ ನೀರು ಹಾಕೋರು ಯಾರು?" ಎಂದ ಜಂಬಣ್ಣ.

"ನಾನು. ನೀವು ಎಲ್ಲಾ ಗಿರಾಕಿಗೂ ಹೇಳ್ತಿದ್ರಲ್ರಿ. ನಮ್ಮದು ಮನಿ ಅಲ್ಲೇನು?"

"ಒಂದಿನಾನೂ ನನಗ ಹೇಳ್ಲಿಲ್ಲಲ್ಲ?"

"ಹೇಳೋದೇನೈತಿ?" ಅವಳು ದನಿ ತಗ್ಗಿಸಿದಳು. "ನೀವು ದಿನಾ ಮಂದಿ ಮನ್ಯಾಗ ಕರೆಂಟು ಮುಟ್ಟಿಕೋತ ತಿರುಗೋರು. ಅಲ್ಲಿಗೆಲ್ಲ ಬಂದು ಕಾಯಾಕ ನನ್ನ ಕೈಲಿ ಆಕ್ಕೈತೇನ್ರಿ? ಇಲ್ಲೇ ಒಂದು ಕೊಡ ಹಾಕಿ, ಅವ್ರನ್ನ ಕಾಯವ್ವಾ ಭೂಮಿತಾಯಿ ಅಂತ ಕೈ ಮುಗೀತಿದ್ದೆ."

ಇಷ್ಟು ವರ್ಷ ಸಂಜೆ ಹೊತ್ತಿಗೆ ಮನೆಗೆ ಬಂದು, ಚಹಾ ಯಾಕೆ ತಡ ಎಂದು ರೇಗುತ್ತಿದ್ದದ್ದು ನೆನಪಾಗಿ ಜಂಬಣ್ಣನಿಗೆ ನಾಚಿಕೆಯಾಯಿತು. ಹೆಂಡತಿಯ ಮೇಲೆ ಇಷ್ಟೊಂದು ಪ್ರೀತಿ ಇಪ್ಪತ್ತು ಜನರ ಎದುರಿಗೇ ಉಕ್ಕಬೇಕೆ?

"ಮುಂದಿನ ಪಾಠ ಹೇಳ್ರಿ ಗುರುಗಳೇ," ಎಂದ ದುರುಗೇಶ್.

"ನಾ ಬರೇ ಹೇಳೀನಿ, ಮಾಡಿದಾಕಿ ಇಕಿ. ಅದನ್ನ ಬರಕೊಳ್ರಿ."

ಹಾಗೆಂದು ಅವಳ ಸೊಂಟದ ಕೊಡ ಇಸಿದುಕೊಂಡು, ಗುಂಡಿಗೆ ಬುಳಕ್ಕನೆ ಬಗ್ಗಿಸಿದ. ನೀರೆಲ್ಲ ಹೊರಗೆ ಚೆಲ್ಲಿತು.

"ಮೆಲ್ಲಕ ಹಾಕ್ರಿ," ಅಂದಳು ಅನ್ನದಾನಮ್ಮ, ಅವನ ಕೈಯ ಮೇಲೆ ಕೈಯಿಟ್ಟು. "ಮಣ್ಣು ಕುಡೀಬೇಕು."