ಝೈನಬ ಆಂಟಿವೈರಸ್ ಆಫ್ ಮಾಡಿದ ವಾರ

ಉಪ್ಪಿನಂಗಡಿಯ ಝೈನಬ ಮನೆಯಲ್ಲೇ ಮದುವೆ ಬಟ್ಟೆಗಳಿಗೆ ಎಂಬ್ರಾಯ್ಡರಿ ಹಾಕುತ್ತಾರೆ. ಡಿಸೈನನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಪೆನ್‌ಡ್ರೈವ್‌ನಲ್ಲಿ ಮೆಷಿನ್‌ಗೆ ಕೊಡುತ್ತಾರೆ. ನಾಲ್ಕು ವರ್ಷಗಳಲ್ಲಿ ಅವರು ಬಿಡಿಸಿದ ಮುನ್ನೂರು ಡಿಸೈನ್‌ಗಳು ಆ ಕಂಪ್ಯೂಟರಿನಲ್ಲಿದ್ದವು.

ಒಂದು ಸೋಮವಾರ ಹೊಸ ಡಿಸೈನ್ ಸೇವ್ ಆಗಲೇ ಇಲ್ಲ. ಎಷ್ಟು ಸಲ ಒತ್ತಿದರೂ ‘ಅನುಮತಿ ಇಲ್ಲ’ ಎಂದೇ ಬರುತ್ತಿತ್ತು.

“ಎಂತ ಮಾರಾಯ್ತಿ, ಆ ಆಂಟಿವೈರಸ್‌ನದ್ದೇ ಕಿರಿಕಿರಿ. ಅಪ್‌ಡೇಟ್ ಆದ ಮೇಲೆ ಹೀಗೆ. ಆಫ್ ಮಾಡಿಬಿಡು,” ಎಂದರು ಗಂಡ ಸಾಬಿತ್.

ಝೈನಬ ಆಫ್ ಮಾಡಿದರು. ಡಿಸೈನ್ ಸೇವ್ ಆಯಿತು. ಮತ್ತೆ ಆನ್ ಮಾಡುವ ನೆನಪು ಇಬ್ಬರಿಗೂ ಬರಲಿಲ್ಲ.

ಗುರುವಾರ ಗಿರಾಕಿಯೊಬ್ಬರು ಪೆನ್‌ಡ್ರೈವ್ ಕೊಟ್ಟು, ಅದರಲ್ಲಿರುವ ಬಳ್ಳಿಯ ಡಿಸೈನನ್ನೇ ದುಪಟ್ಟಾಗೆ ಹಾಕಬೇಕು ಎಂದರು. ಝೈನಬ ಫೈಲ್ ತೆರೆದರು. ಬಳ್ಳಿ ಕಾಣಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವರದೇ ಡಿಸೈನ್‌ಗಳ ಹೆಸರೆಲ್ಲ ಬದಲಾದವು. ಒಂದೂ ತೆರೆಯಲಿಲ್ಲ.

ಪಕ್ಕದ ಮನೆಯ ಭವಿತಾ ಪುತ್ತೂರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. ಅವರು ಬಂದವರೇ ಮೊದಲು ಇಂಟರ್‌ನೆಟ್ ಸಂಪರ್ಕ ಕಡಿದರು.

“ಝೈನಬಕ್ಕ, ಬೇರೆ ಕಡೆ ಕಾಪಿ ಉಂಟಾ?”

“ಇಲ್ಲ. ಮೆಷಿನ್‌ನ ಮೆಮೊರಿಯಲ್ಲಿ ಒಂದಿಷ್ಟು ಇರಬಹುದು.”

“ಹಾಗಾದ್ರೆ ಸಿಗುದು ಅಷ್ಟೇ. ಬಾಕಿದ್ದಕ್ಕೆ ವೈರಸ್ ಬೀಗ ಹಾಕಿದೆ. ತೆಗೀಲಿಕ್ಕೆ ನನ್ನಿಂದ ಆಗುದಿಲ್ಲ.”

ಝೈನಬ ಒಂದೊಂದೇ ಫೈಲ್ ಒತ್ತಿ ನೋಡಿದರು. ತಂಗಿಯ ಮದುವೆಗೆಂದು ಮೂರು ವಾರ ಕೂತು ಬಿಡಿಸಿದ್ದೂ ಹೋಗಿತ್ತು.

ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಎಲ್ಲವನ್ನೂ ಅಳಿಸಿ, ಹೊಸದಾಗಿ ಆಂಟಿವೈರಸ್ ಹಾಕಿ ಕೊಟ್ಟರು. ಶನಿವಾರ ಝೈನಬ, ಭವಿತಾರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಡಿಸೈನ್ ಪ್ರೋಗ್ರಾಮನ್ನು ಮತ್ತೆ ಹಾಕಿ ತೆರೆದರು. ಸೇವ್ ಒತ್ತಿದರೆ ಮತ್ತೆ ‘ಅನುಮತಿ ಇಲ್ಲ’!

“ನೋಡಿ ಭವಿತಾ, ಪುನಃ ಅದೇ ತಕರಾರು. ಇದು ಇದ್ದರೆ ಇವಳ ಕೆಲಸ ಆಗುದು ಹೇಗೆ?” ಎಂದರು ಸಾಬಿತ್.

“ಆಫ್ ಮಾಡುದು ಬೇಡ ಸಾಬಿತಣ್ಣ. ಅದು ಯಾವುದನ್ನು ತಡೆದಿದೆ ಅಂತ ಮೊದಲು ನೋಡುವ.” ಭವಿತಾ ಆಂಟಿವೈರಸ್‌ನಲ್ಲಿ ತಡೆದವುಗಳ ಪಟ್ಟಿ ತೆರೆದರು. “ಈ ಹೆಸರು ಯಾವುದರದ್ದು ಝೈನಬಕ್ಕ?”

“ನನ್ನ ಡಿಸೈನ್ ಪ್ರೋಗ್ರಾಮ್‌ದು.”

“ಎಲ್ಲಿಂದ ಹಾಕಿದ್ದು?”

“ಮೆಷಿನ್ ಕಂಪನಿಯವರದ್ದೇ ವೆಬ್‌ಸೈಟಿನಿಂದ.”

“ಹಾಗಾದ್ರೆ ಹೆದರುದು ಬೇಡ. ನಿಮ್ಮ ಫೋಲ್ಡರಿಗೆ ಗೊತ್ತಿಲ್ಲದವರು ಕೈ ಹಾಕಬಾರದು ಅಂತ ಅದು ಕಾಯ್ತಾ ಉಂಟು. ಈ ಪ್ರೋಗ್ರಾಮ್‌ನ ಗುರುತು ಅದಕ್ಕಿಲ್ಲ, ಅಷ್ಟೇ. ಇದೊಂದಕ್ಕೆ ಮಾತ್ರ ಅನುಮತಿ ಕೊಡಿ. ಇಡೀ ಡ್ರೈವ್‌ಗೆ ಕೊಡ್ಬೇಡಿ.”

ಝೈನಬ ತಾವೇ ಒತ್ತಿದರು. ಡಿಸೈನ್ ಸೇವ್ ಆಯಿತು. ರಕ್ಷಣೆಯೂ ಆನ್ ಇತ್ತು.

“ಇಷ್ಟೇಯಾ?” ಎಂದರು ಸಾಬಿತ್. ಆಮೇಲೆ ಮೆಲ್ಲಗೆ, “ಸೋಮವಾರವೇ ನಿಮ್ಮನ್ನು ಕೇಳಬೇಕಿತ್ತು,” ಎಂದರು.

ಮುಂದಿನ ವಾರ ಇನ್ನೊಬ್ಬರ ಪೆನ್‌ಡ್ರೈವ್ ಸಿಕ್ಕಿಸಿದಾಗ ಆಂಟಿವೈರಸ್ ಒಂದು ಫೈಲನ್ನು ತಡೆಯಿತು. ಸಾಬಿತ್ ಕನ್ನಡಕ ಹಾಕಿ ಹೆಸರು ಓದಿದರು. “ಇದು ನಮ್ಮದಲ್ಲ. ಇದಕ್ಕೆ ಅನುಮತಿ ಕೊಡುದು ಬೇಡ, ಪೆನ್‌ಡ್ರೈವ್ ತೆಗೆ,” ಎಂದರು.

ಈಗ ಪ್ರತಿ ಶುಕ್ರವಾರ ಡಿಸೈನ್‌ಗಳ ಕಾಪಿಯನ್ನು ಬೇರೆ ಡ್ರೈವ್‌ಗೆ ಹಾಕಿ, ಅದನ್ನು ಕಂಪ್ಯೂಟರಿನಿಂದ ಕಳಚಿ ಇಡುತ್ತಾರೆ. ಕಳೆದುಹೋದವನ್ನು ಝೈನಬ ಇನ್ನೂ ಒಂದೊಂದಾಗಿ ಬಿಡಿಸುತ್ತಿದ್ದಾರೆ.

ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಮಕ್ಕಳ ಫೋಟೊ, ಜಾಗದ ದಾಖಲೆ, ನಿಮ್ಮ ಕೆಲಸ ಇರಬಹುದು. ಆಂಟಿವೈರಸ್ ಆನ್ ಇದೆಯೇ ಎಂದು ಇವತ್ತೇ ನೋಡಿ. ಅದು ಏನನ್ನಾದರೂ ತಡೆದರೆ ಸಿಟ್ಟಿನಿಂದ ಆಫ್ ಮಾಡಬೇಡಿ. ಯಾವುದನ್ನು ತಡೆದಿದೆ ಎಂದು ಓದಿ. ನಿಮ್ಮದೇ ಎಂದು ಖಾತ್ರಿಯಾದರೆ ಅದೊಂದಕ್ಕೆ ಅನುಮತಿ ಕೊಡಿ. ಖಾತ್ರಿ ಇಲ್ಲವೇ? ಒತ್ತುವ ಮೊದಲು ಗೊತ್ತಿದ್ದವರನ್ನು ಕರೆಯಿರಿ.