ಹೂಂ ಅನ್ನವರು

ಬಳ್ಳೊಳ್ಳಿ ನಾತ, ಮತ್ತ ಅದ ನಾತ, ಅತ್ತಿ ಪಾರ್ವತೆಮ್ಮನ ಅಂಗೈಯಾಗಿಂದು, ಗದ್ದ ಹಿಡದು ಮುಖ ಮ್ಯಾಲೆತ್ತಿ ಬಾಯಿ ಬಿಡ ನನ್ನವ್ವ, ಬಾಯಿ ಬಿಡ ಅನ್ನಾಕತ್ತಾಳ, ಥೂ, ಎಷ್ಟು ತೊಳದ್ರೂ ಈ ಕೈ ನಾತ ಹೋಗಂಗಿಲ್ಲೇನು, ಶಂಕ್ರಮ್ಮ ಉಸುರು ಬಿಗಿ ಹಿಡದ್ಲು, ಎದುರಿಗೆ ಕುಂತ ಮಂತ್ರಗಾರ ಮುದುಕಪ್ಪಜ್ಜ ಕೆಂಡದ ಮ್ಯಾಲೆ ಒಣಾ ಮೆಣಸಿನಕಾಯಿ ಸುರುವಿದ, ಖಾರದ ಹೊಗಿ, ಕೆಮ್ಮು, ಓಣಿ ಮಂದಿ ಎಲ್ಲಾ ಪಡಸಾಲ್ಯಾಗ, ಸೆರಗು ಮೂಗಿಗೆ ಹಿಡಕೊಂಡ್ರೂ ಒಬ್ಬರೂ ಎದ್ದು ಹೋಗವಲ್ರು, ಯಾಕ ಹೋಗ್ತಾರ, ಮಂದಿ ಮನಿ ದೆವ್ವ ಅಂದ್ರ ಪುಕ್ಕಟ ಬಯಲಾಟ — ಯಾರು ನೀನು, ಹೆಸರು ಹೇಳು, ಬೇವಿನ ಟೊಂಗಿ ಬೆನ್ನಿಗೆ ಬಿತ್ತು — ನಾ ಶಂಕ್ರವ್ವ ಅದೀನ್ರಿ, ಉಮಾಪತಿ ಹೇಣ್ತಿ — ಕೇಳಿದ್ರ್ಯಾ, ಹಿಡದ ಹೆಣ್ಣಮಗಳ ಹೆಸರ ಹೇಳಾಕತ್ತೈತಿ, ಭಾಳ ಕಿಲಾಡಿ ಐತಿದು, ಮತ್ತೊಂದು ಪೆಟ್ಟು. ಅಯ್ಯ ಶಿವನ, ತನ್ನ ಹೆಸರು ತಾ ಹೇಳಿದ್ರೂ ಹೊಡ್ತ ತಿನ್ನೋ ಕಾಲ ಬಂತಲ್ಲ, ಮುದುಕನ ಬಾಯಾಗ ತಂಬಾಕದ ಜೊಲ್ಲು, ಮಾತಿಗೊಮ್ಮೆ ಮುಖಕ್ಕ ಸಿಡೀತೈತಿ, ಒರಸಿಕೊಳ್ಳಾಕ ಕೈ ಬಿಡವಲ್ರು, ಗಂಡ ಉಮಾಪತಿ ಕಂಬಕ್ಕ ಆತು ನಿಂತಾನ, ತನ್ನ ಕಾಲಬೆರಳು ನೋಡಕೋತ, ಏನು ಸಿಕ್ಕೈತೋ ಆ ಬೆರಳನ್ಯಾಗ, ಬೆರಳು, ಬಾಗಿಲ ಕೆಳಗಿನ ಸಂದ್ಯಾಗ ನಾಕು ಬೆರಳು, ಉಗುರಾಗ ಜ್ವಾಳದ ಹಿಟ್ಟು, ಬ್ಯಾಡ, ಅದು ಬ್ಯಾಡ.

ಬ್ಯಾಡ ಅಂದ್ರ ಬಿಡತೈತೇನು, ಚಿಲಕದ ಸಪ್ಪಳಾದ್ರ ಸಾಕು ಮೈಯೆಲ್ಲಾ ಗಡಗಡ, ಹೀರಿಕಾಯಿ ಪಲ್ಯ ತಾಟಿಗೆ ಬಿದ್ರ ವಾಂತಿ, ಅದಕ್ಕ ಈ ಮನಿಯವರು ದೆವ್ವ ಅಂತ ಹೆಸರಿಟ್ಟಾರ, ಹಿತ್ತಲದಾಗಿನ ಹೀರಿಬಳ್ಳಿ ಬೇರು ಎಲ್ಲಿ ಇಳದೈತಿ ಅಂತ ಇವರಿಗೆ ಗೊತ್ತಿಲ್ಲೇನು, ಗೊತ್ತೈತಿ, ಅಲ್ಲೇ ಅಕ್ಕಗ ಮಣ್ಣು ಕೊಟ್ಟಾರ, ಕೊಟ್ಟು ಮ್ಯಾಲೆ ಬಳ್ಳಿ ಹಬ್ಬಿಸಿ, ಕಾಯಿ ಹರದು, ಒಗ್ಗರಣಿ ಹಾಕಿ, ಛಲೋ ಆಗೈತಿ ಅಂತ ಬೆರಳು ಚೀಪ್ತಾರ. ಅಕ್ಕ ಅಂದ್ರ ನೆಗೆಣ್ಣಿ ಶೇಖರಮ್ಮ, ದೊಡ್ಡ ಮಗನ ಹೇಣ್ತಿ, ಗಂಡ ಸತ್ತ ಮ್ಯಾಲೆ ಈ ಮನ್ಯಾಗ ರೊಟ್ಟಿ ಬಡಕೋತ ಉಳದಾಕಿ, ಬೀಸುಕಲ್ಲಿನ ಮುಂದ ಕುಂತ್ರ ಕತಿ ಹೇಳಾಕಿ, ಶಂಕ್ರಿ ಹೂಂ ಅನ್ನಬೇಕು, ತೂಕಡಿಸಿ ಹೂಂ ಮರತ್ರ ಕಲ್ಲು ನಿಂದರಸ್ತಿದ್ಲು, ಹೂಂ ಅನ್ನವರಿಲ್ಲದ ಕತಿ ಗ್ವಾಡಿಗೆ ಹೇಳಿದಂಗವ್ವ, ಹೇಳಿದವರ ಹೊಟ್ಯಾಗ ಮುಳ್ಳಾಗಿ ನಿಲ್ಲತೈತಿ ಅಂತಿದ್ಲು, ನಗತಿದ್ಲು, ಹೋದ ಸುಗ್ಗ್ಯಾಗ ಈ ತಳಕಲ್ಲ ಊರಾಗ ಇಲಿ ಸತ್ತು ಬಿದ್ದು, ಪಿಳೇಗು ಬ್ಯಾನಿ ಬಂತು ಅಂತ ಊರಿಗೆ ಊರ ಹೊಲದಾಗ ಗುಡಸಲಾ ಹಾಕಿದಾಗ ಆಕಿ ಬಗಲಾಗ ಗಂಟೆದ್ದಿತ್ತು — ಯಾರಿಗೂ ಉಸುರಬ್ಯಾಡ್ರಿ, ಮಾವ ವಿರೂಪಾಕ್ಷಪ್ಪನ ದನಿ, ಮನ್ಯಾಗ ಗಂಟೆದ್ದೈತಿ ಅಂತ ಗೊತ್ತಾದ್ರ ನಮ್ಮ ಶೇಂಗಾ ಕೊಪ್ಪಳದ ಪ್ಯಾಟ್ಯಾಗ ನಾಯಿ ಸುದ್ದಾ ಮೂಸಂಗಿಲ್ಲ, ಶೇಂಗಾ, ಥೂ ನಿಮ್ಮ ಶೇಂಗಾಕ್ಕ ಬೆಂಕಿ ಹಚ್ಚ, ಒಳಖೋಲ್ಯಾಗ ಒಂದು ಕೊಡ ನೀರಿಟ್ಟ, ಅದ ಮುಂಜಾನಿ ಆಕಿನ ಬಡದ ರೊಟ್ಟಿ ಇಟ್ಟ, ಧರ್ಮಾತ್ಮ, ಆಕಿನ್ನ ಒಳಗ ದಬ್ಬಿ ಚಿಲಕ ಹಾಕಿದ, ಬಂಡಿ ಹೂಡ್ರಿ ಅಂದ, ಆಗ ಬಾಗಿಲ ಕೆಳಗ ಬೆರಳು ಬಂದ್ವು, ಬಡಿಲಿಲ್ಲ, ಚೀರಲಿಲ್ಲ, ಮೆಲ್ಲಕ — ಶಂಕ್ರೀ, ಅಲ್ಲೇ ಅದೀಯೇನ, ಇದ್ರ ಹೂಂ ಅನ್ನು. ಹೂಂ, ಹೂಂ ಅಕ್ಕ, ಬಾಯಿ ತಗದಿದ್ಲು ಶಂಕ್ರಮ್ಮ, ದನಿ ಗಂಟಲಕ್ಕ ಬಂದಿತ್ತು, ಬಂದದ್ದು ಬಳ್ಳೊಳ್ಳಿ ಅಂಗೈ, ಬಾಯಿ ಮೂಗು ಕೂಡಿಸಿ ಒತ್ತಿ, ಪಿಟ್ ಅಂದಿ ಅಂದ್ರ ನಿನ್ನೂ ಅಲ್ಲೇ ದಬ್ಬತೀನಿ, ಎಳಕೊಂಡು ಹೋಗಿ ಬಂಡಿ ಹತ್ತಿಸಿದ್ಲು ಅತ್ತಿ, ಆಮ್ಯಾಲೆ ಊರಿಗೆ ಹೇಳಿದ್ದು, ಶೇಖರವ್ವ ಕುಷ್ಟಗಿಗೆ ತವರಿಗೆ ಹೋಗ್ಯಾಳ, ತಿಂಗಳು ಕಳದು, ಅಲ್ಲೇ ತೀರಿಕೊಂಡ್ಲಂತ, ಎಂಥಾ ಮುತ್ತಿನಂಥಾ ಸೊಸೀನಪ್ಪೋ ಅಂತ ಇದ ಪಡಸಾಲ್ಯಾಗ ಅತ್ತಿ ಬೋರಾಡಿ ಅತ್ಲು, ಓಣಿಯವರು ಸಮಾಧಾನ ಮಾಡಿ ಚಾ ಕುಡಿಸಿದ್ರು, ಅಸಹ್ಯ, ಅಸಹ್ಯ.

ಒಮ್ಮೆ ಹೇಳಾಕ ನೋಡಿದ್ದಳು, ಕೌದಿ ಹೊಲಿಯೋ ಗೌಸಬೀ ಕಟ್ಟಿ ಮ್ಯಾಲೆ ಕುಂತು, ಗೌಸಬೀ ಏನೂ ಕೇಳಲಿಲ್ಲ, ಮಂತ್ರ ಇಲ್ಲ, ತಾಯಿತ ಇಲ್ಲ, ಸೂಜಿ ಎಳಕೋತ ಹೂಂ ಅಂದ್ಲು, ಅಷ್ಟ, ಒಂದು ಹೂಂಗೆ ಎದಿ ಮ್ಯಾಲಿನ ಕಲ್ಲು ಒಂದೀಟು ಸರೀತು, ಎರಡನೇ ಹೂಂ ಬರೋದ್ರಾಗ ಅತ್ತಿ ಬಂದು ರಟ್ಟಿ ಹಿಡದು ಎಳಕೊಂಡು ಹೋದ್ಲು, ಮನಿ ಮಾತು ಓಣಿಗೆ ಹಾಕ್ತೀಯೇನ, ಮರದಿನಾನ ಈ ಮುದುಕಪ್ಪಗ ಹೇಳಿಕಳಿಸ್ಯಾಳ — ಏನ್ ಬೇಕು ಕೇಳಿ ಬಿಟ್ಟು ಹೋಗು, ಕೇಳಿದ್ದು ಕೊಟ್ಟು ಕಳಸ್ತೀವಿ ಅನ್ನಾಕತ್ತಾನ ಈಗ, ಕೇಳಿದ್ದು ಕೊಡ್ತಾರಂತ, ನಾಕು ವರ್ಷ ಬಾಳೇವು ಮಾಡಿದ ಸೊಸಿಗೆ ಒಮ್ಮೆ ಏನ್ ಬೇಕವ್ವ ಅನ್ನಲಿಲ್ಲ, ದೆವ್ವಕ್ಕ ಕೊಡ್ತಾರಂತ, ಹಂಗಾರ ದೆವ್ವಾನ ಆಗ್ತೀನಿ ತಗೊಳ್ರಿ — ನಾ ಶೇಖರವ್ವ ಅದೀನಿ, ಅಂದ್ಲು ಶಂಕ್ರಮ್ಮ. ಮಾವನ ಕೈ ತಾನ ಮುಗೀತು, ಇಲಕಲ್ ಸೀರಿ ಉಡಸ್ತೀನಿ, ಹೋಳಿಗಿ ಎಡಿ ಹಿಡಸ್ತೀನಿ ನನ್ನವ್ವ, ಹೋಗು — ಸೀರಿ ಬ್ಯಾಡ, ಎಡಿ ಬ್ಯಾಡ, ಕತಿ ಹೇಳ್ತೀನಿ, ಹೂಂ ಅನ್ರಿ — ಅನ್ರಪಾ, ಮುದುಕಪ್ಪ ಬೆವತಾನ, ಅದು ಕೇಳಿದ್ದು ಕೊಡಲಿಲ್ಲಂದ್ರ ಹೋಗಂಗಿಲ್ಲ. ಊರಾಗ ಇಲಿ ಬಿದ್ವು, ಹೂಂ. ನನ್ನ ಬಗಲಾಗ ಗಂಟೆದ್ದಿತ್ತು, ಹೂಂ, ಮಾವನ ದನಿ ಸಣ್ಣಾತು. ನಾ ತವರಿಗೆ ಹೋಗಿದ್ದಿಲ್ಲ, ಹೂಂ, ಅದು ಉಮಾಪತಿ, ಕಾಲಬೆರಳು ಬಿಟ್ಟು ಮ್ಯಾಲೆ ನೋಡವಲ್ಲ. ಜೀವ ಇದ್ದಾಗ ಚಿಲಕ ಹಾಕಿದ್ರಿ, ಹೂಂ, ಹಿತ್ತಲದಾಗ ಹುಗದ್ರಿ, ಹೂಂ, ಬಂತು, ಎಷ್ಟು ಸಸಾರ ಬಂತು, ಬಡ್ಡಿಮಕ್ಕಳು, ಸತ್ತಾಕಿಗೆ ಅಂಜಿ ಅನ್ನಾಕತ್ತಾರ, ಬದುಕಿದಾಕಿ ಇಲ್ಲೇ ಕುಂತು ಹೇಳಿದ್ರ ಬೇವಿನ ಟೊಂಗಿ, ಓಣಿ ಮಂದಿ ಒಬ್ಬರ ಮುಖ ಒಬ್ಬರು ನೋಡಾಕತ್ತಾರ, ಇನ್ನೊಂದು ಉಳದೈತಿ, ಒಂದ, ಆ ಮುಳ್ಳು ಕಿತ್ರ ಮುಗೀತು — ಹೊರಗ ಶಂಕ್ರಿ ನಿಂತಿದ್ಲು, ಹೂಂ ಅನ್ನಾಕ ಬಾಯಿ ತಗದಿದ್ಲು, ಆ ಬಾಯಿ ಮುಚ್ಚಿದ್ದು ನಿನ್ನ ಕೈ ಅತ್ತಿ, ಅನ್ನು, ಹೂಂ ಅನ್ನು. ಅತ್ತಿ ಅನ್ನವಲ್ಲಳು, ಎಲ್ಲಾರೂ ಆಕಿನ್ನ ನೋಡಾಕತ್ತಾರ, ಅನ್ನವಲ್ಲಳು, ಗದ್ದ ಹಿಡದ ಕೈ ಮೆಲ್ಲಕ ಮ್ಯಾಲೆ ಸರಿಯಾಕತ್ತೈತಿ, ತುಟಿ ಮ್ಯಾಲೆ, ಮೂಗಿನ ಮ್ಯಾಲೆ, ಒತ್ತಾಕತ್ತೈತಿ, ಇಷ್ಟು ಮಂದಿ ಮುಂದ, ಬಳ್ಳೊಳ್ಳಿ ನಾತ, ಬಳ್ಳೊಳ್ಳಿ, ಬಾಗಿಲು, ಬಾಗಿಲ ಕೆಳಗಿನ ಸಂದಿ, ನಾಕು ಬೆರಳು, ಉಗುರಾಗ ಜ್ವಾಳದ ಹಿಟ್ಟು, ಒಳಗ ಹೋಗವಲ್ಲವು, ಹೂಂ ಕೇಳಾಕ ಕುಂತ ನಾಕು ಬೆರಳು